ಟವರಿಗೆ 20 ವರ್ಷ ಜಾಗ ಕೊಡಬಹುದೇ? ಮುಂದಿನ ಕಾಲದ ದೂರಸಂಪರ್ಕ ಮತ್ತು ನಮ್ಮ ಕೊಡಗು

ನಾಲ್ಕುನಾಡು ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮೇಲುಗಡೆ ಇರುವ ಬಾಣೆಯ (ಗದ್ದೆಗೆ ಹೊಂದಿಕೊಂಡ ಮರಗಳ ಗುಡ್ಡದ ಜಮೀನು) ದಿಣ್ಣೆಯಲ್ಲಿ 5 ಸೆಂಟ್ ಜಾಗವನ್ನು ಮೊಬೈಲ್ ಟವರಿಗಾಗಿ 20 ವರ್ಷದ ಗುತ್ತಿಗೆಗೆ ಕೊಡುತ್ತೀರಾ ಎಂದು ಟವರ್ ಕಂಪನಿಯೊಂದರ ಪ್ರತಿನಿಧಿ ಹೋದ ವಾರ ಬಂದು ಕೇಳಿಹೋದರು. ಬಾಡಿಗೆಯ ಮಾತನ್ನು ನಾನು ಇಲ್ಲಿ ಎತ್ತುವುದಿಲ್ಲ. ಅದು ಕಾಫಿ ಬೆಲೆಯ ಹಾಗೆ, ಕೇಳಿದವರೆಲ್ಲ ಒಂದೊಂದು ಲೆಕ್ಕ ಹೇಳುತ್ತಾರೆ. ನನ್ನ ಪ್ರಶ್ನೆ ಬೇರೆ. ಬೆಂಗಳೂರಿನಲ್ಲಿರುವ ಮಗ, ಇನ್ನು ಐದಾರು ವರ್ಷದಲ್ಲಿ ಫೋನು ನೇರವಾಗಿ ಉಪಗ್ರಹದೊಡನೆ ಮಾತನಾಡುತ್ತದೆ, ಟವರುಗಳೆಲ್ಲ ಗುಜರಿಗೆ ಹೋಗುತ್ತವೆ, ಸುಮ್ಮನೆ ಜಾಗ ಕಟ್ಟಿಹಾಕಿಕೊಳ್ಳಬೇಡಿ ಎನ್ನುತ್ತಾನೆ. ಕೆಳಗಿನ ಮನೆಯವರು ಮಾತ್ರ ಯಾವ ಷರತ್ತೂ ಹಾಕದೆ ಇವತ್ತೇ ಸಹಿ ಮಾಡಿ ಎಂದು ದುಂಬಾಲು ಬಿದ್ದಿದ್ದಾರೆ.

ನಮ್ಮಲ್ಲಿ ರೇಂಜ್ ಸಿಗುವುದು ಒಂದೇ ಕಡೆ, ಕಾಫಿ ಕಣದ ಮೂಲೆಯಲ್ಲಿ. ಅಲ್ಲಿನ ಕಂಬಕ್ಕೆ ಮನೆಯವಳು ಒಂದು ಬಿಸ್ಕತ್ತಿನ ಡಬ್ಬ ಹೊಡೆದಿದ್ದಾಳೆ. ಫೋನು ಹಗಲೆಲ್ಲ ಆ ಡಬ್ಬದಲ್ಲೇ ಇರುತ್ತದೆ. ಬೆಲ್ ಆದರೆ ಯಾರು ಹತ್ತಿರ ಇರುತ್ತಾರೋ ಅವರು ಓಡುತ್ತಾರೆ. ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲಿ ಕರೆಂಟು ಹೋದ ಮೂರು ಗಂಟೆಗೆ ಆ ಒಂದು ಕಡ್ಡಿಯೂ ಮಾಯವಾಗುತ್ತದೆ. ಇಂಥ ಜಾಗದಲ್ಲಿ ಮುಂದಿನ 20 ವರ್ಷವನ್ನು ನಂಬಿ ಏನು ನಿರ್ಧಾರ ಮಾಡಬೇಕು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ನಿವೃತ್ತ ಎಕ್ಸ್‌ಚೇಂಜ್ ನೌಕರ, ವಿರಾಜಪೇಟೆ

ನಿಮ್ಮ ಕೊನೆಯ ಎರಡು ವಾಕ್ಯದಲ್ಲೇ ಉತ್ತರವಿದೆ. ಕರೆಂಟು ಹೋದ ಮೂರು ಗಂಟೆಗೆ ಎಂದಿರಲ್ಲ, ಅದನ್ನು ಹಿಡಿದುಕೊಳ್ಳಿ. ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಕೆಲಸ ಮಾಡಿದವನು. ಬೆಳಿಗ್ಗೆ ಡ್ಯೂಟಿಗೆ ಹೋದ ಕೂಡಲೇ ಮೊದಲು ತೆರೆಯುತ್ತಿದ್ದದ್ದು ಬ್ಯಾಟರಿ ಕೋಣೆಯ ಬಾಗಿಲನ್ನು. ಎರಡೆರಡು ವೋಲ್ಟಿನ 24 ಸೆಲ್‌ಗಳು ಸಾಲಾಗಿ, ಒಟ್ಟು 48 ವೋಲ್ಟು. ಒಂದೊಂದಕ್ಕೂ ಹೈಡ್ರೋಮೀಟರ್ ಇಳಿಸಿ, ಓದಿದ್ದನ್ನು ಪುಸ್ತಕದಲ್ಲಿ ಬರೆದು, ಕಡಿಮೆಯಾದದ್ದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿದ ಮೇಲೆಯೇ ಕಾಫಿ. ಆಮ್ಲ ತಾಗಿ ತೂತಾದ ಖಾಕಿ ಅಂಗಿ ಇನ್ನೂ ಮನೆಯಲ್ಲಿದೆ.

ಹಳೆಯ ಲ್ಯಾಂಡ್‌ಲೈನಿನ ಗುಟ್ಟು ಇದೇ ಆಗಿತ್ತು. ಮಾತೂ ಕರೆಂಟೂ ಒಂದೇ ತಾಮ್ರದ ಜೋಡಿ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ಮನೆಗೆ ಬರುತ್ತಿದ್ದವು. ಊರೆಲ್ಲ ಕತ್ತಲಾದರೂ ಫೋನು ಸತ್ತಿರುತ್ತಿರಲಿಲ್ಲ, ಏಕೆಂದರೆ ಅದಕ್ಕೆ ನಿಮ್ಮ ಮನೆಯ ಕರೆಂಟು ಬೇಕಾಗಿರಲಿಲ್ಲ. ಈಗ ಬಂದಿರುವುದು ಗಾಜಿನ ಎಳೆ. ಬೆಳಕು ಹರಿಯುತ್ತದೆ, ಕರೆಂಟು ಹರಿಯುವುದಿಲ್ಲ. ಹಾಗಾಗಿ ಟವರಿಗೆ ಬೇರೆ ಬ್ಯಾಟರಿ, ಮನೆಯ ಮೋಡೆಮ್ಮಿಗೆ ಬೇರೆ, ಕೈಯಲ್ಲಿರುವ ಫೋನಿಗೆ ಬೇರೆ. ಮೂರರಲ್ಲಿ ಒಂದು ಕೈಕೊಟ್ಟರೂ ಮಾತು ನಿಂತಿತು.

ಹಳ್ಳಿಗೆಂದೇ ಯೋಚಿಸಿ ಉಪಕರಣ ಮಾಡಿದ ಕಾಲವೂ ಒಂದಿತ್ತು. 1984ರಲ್ಲಿ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಶುರುವಾಯಿತು. ಅವರು ರೂಪಿಸಿದ 128 ಲೈನಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜಿನ ಮೊದಲನೆಯದು 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಎ.ಸಿ. ಇಲ್ಲದ ಕೋಣೆ, ಧೂಳು, ಏರಿಳಿಯುವ ಕರೆಂಟು, ಇವೆಲ್ಲವನ್ನೂ ತಾಳಿಕೊಳ್ಳಬೇಕು ಎನ್ನುವುದು ಅದರ ವಿನ್ಯಾಸದಲ್ಲೇ ಸೇರಿತ್ತು. ಈಗ ಬರುವ ಪ್ರತಿಯೊಂದು ಜಾಹೀರಾತೂ ವೇಗದ ಮಾತಾಡುತ್ತದೆ. ಎಷ್ಟು ಹೊತ್ತು ತಾಳುತ್ತದೆ ಎಂದು ಬರೆದದ್ದನ್ನು ನಾನಂತೂ ಕಂಡಿಲ್ಲ.

ಹೋಂಸ್ಟೇ, ಗಾಳಿಬೀಡು

ಕ್ಷಮಿಸಿ ಸರ್, ನನ್ನ ಅಭಿಪ್ರಾಯ ಬೇರೆ. ನಮ್ಮಲ್ಲಿಗೆ ಬರುವ ಅತಿಥಿಗಳು ಗೇಟಿನಲ್ಲಿ ಕಾರು ನಿಲ್ಲಿಸುವ ಮೊದಲೇ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಟವರಿಗಾಗಿ ಹತ್ತು ವರ್ಷ ಅರ್ಜಿ ಕೊಟ್ಟು ಸಾಕಾಗಿದೆ. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕಿಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದೆ, ಅದಕ್ಕೂ ಮೊದಲೇ ಬೇರೆ ಎರಡು ಕಂಪನಿಗಳಿಗೆ ಸಿಕ್ಕಿತ್ತು. ತಟ್ಟೆಯೊಂದನ್ನು ಮಾಡಿನ ಮೇಲೆ ಇಟ್ಟರೆ ಆಯಿತು. ಬೆಳೆಗಾರರ ಮಗ ಹೇಳಿದ್ದರಲ್ಲಿ ತಪ್ಪೇನಿದೆ?

ಇಲೆಕ್ಟ್ರಾನಿಕ್ಸ್ ಉಪನ್ಯಾಸಕಿ, ಗೋಣಿಕೊಪ್ಪಲು

ಮಾಡಿನ ಮೇಲಿನ ತಟ್ಟೆ ಮತ್ತು ಜೇಬಿನೊಳಗಿನ ಫೋನು, ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ ಗೊಂದಲ ಹುಟ್ಟುತ್ತದೆ.

ಮೊದಲು ತಟ್ಟೆ. ಪಕ್ಕದ ಹಾಸನದಲ್ಲಿ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವಂಥ ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತವೆ. ಮಾತು ಅಷ್ಟು ದೂರ ಹೋಗಿ ಬರಲು ಕಾಲು ಸೆಕೆಂಡಿನಷ್ಟು ಹೊತ್ತು ಹಿಡಿಯುತ್ತದೆ. ಈಗಿನ ಹೊಸ ಗುಂಪಿನವು ಸುಮಾರು 550 ಕಿ.ಮೀ. ಎತ್ತರದಲ್ಲಿ ಹಾರುತ್ತವೆ, ಆದ್ದರಿಂದ ಆ ತಡ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆದರೆ ಅವು ಒಂದೆಡೆ ನಿಲ್ಲುವುದಿಲ್ಲ, ಕೆಲವೇ ನಿಮಿಷದಲ್ಲಿ ಒಂದು ಮರೆಯಾಗಿ ಇನ್ನೊಂದು ಬರಬೇಕು. ಅದಕ್ಕೆ ತಟ್ಟೆಯ ಸುತ್ತ ಅಗಲವಾದ ಬಯಲು ಆಕಾಶ ಕಾಣಬೇಕು. ಸಿಲ್ವರ್ ಓಕ್, ಹಲಸು, ನಂದಿ ಮರಗಳ ನೆರಳಿನಲ್ಲೇ ಕಾಫಿ ಬೆಳೆಯುವ ನಮ್ಮ ಊರಿನಲ್ಲಿ ಬಯಲು ಆಕಾಶ ಇರುವುದು ಕಣದ ಮೇಲೆ ಮತ್ತು ಗದ್ದೆಯ ಮೇಲೆ ಮಾತ್ರ. ಮಳೆಯ ಮಾತನ್ನು ನಾನು ವಿವರಿಸಬೇಕಿಲ್ಲ: ಜುಲೈ ತಿಂಗಳಲ್ಲಿ ಮನೆಯ ಡಿ.ಟಿ.ಎಚ್. ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುವುದನ್ನು ಎಲ್ಲರೂ ಕಂಡಿದ್ದೀರಿ. ಈ ತಟ್ಟೆಗಳ ಕೆಳಮುಖ ಸಂಕೇತವೂ ಅದೇ ಸರಿಸುಮಾರಿನ ತರಂಗಾಂತರದ್ದು. ಹೋಂಸ್ಟೇಗೆ ಇದು ಒಳ್ಳೆಯ ಆಯ್ಕೆ ಎನ್ನುವುದನ್ನು ಒಪ್ಪುತ್ತೇನೆ, ಅದರಲ್ಲೂ ನವೆಂಬರಿನಿಂದ ಮೇ ತನಕ.

ಇನ್ನು ಜೇಬಿನ ಫೋನು. 2022ರಲ್ಲಿ ಐಫೋನ್ 14ರಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯ ಅಮೆರಿಕ ಮತ್ತು ಕೆನಡಾಗಳಲ್ಲಿ ಆರಂಭವಾಯಿತು. ಅದನ್ನು ಬಳಸುವವರು ಬಯಲಿಗೆ ಬಂದು ಫೋನನ್ನು ಉಪಗ್ರಹದತ್ತ ತಿರುಗಿಸಿ ಹಿಡಿಯಬೇಕು. ದಟ್ಟ ಮರದಡಿ ಸಂದೇಶ ಹೋಗದೆಯೂ ಇರಬಹುದು ಎಂದು ಕಂಪನಿಯೇ ಹೇಳಿದೆ. ಅದೇ ವರ್ಷ ಅಂತಿಮಗೊಂಡ 5ಜಿ ಮಾನದಂಡದ 17ನೇ ಆವೃತ್ತಿಯಲ್ಲಿ ಉಪಗ್ರಹವನ್ನೂ ಜಾಲದ ಒಂದು ಭಾಗವಾಗಿ ಸೇರಿಸಲಾಗಿದೆ. ಎಂದರೆ ಮುಂದಿನ ಕಾಲದಲ್ಲಿ ಟವರೂ ಉಪಗ್ರಹವೂ ಒಂದೇ ಮನೆಯ ಅಣ್ಣತಮ್ಮಂದಿರು. ಒಬ್ಬ ಬಂದನೆಂದು ಇನ್ನೊಬ್ಬನನ್ನು ಹೊರಗೆ ಹಾಕುವ ಯೋಚನೆ ಮಾನದಂಡ ಬರೆಯುವವರಲ್ಲಿ ಇಲ್ಲ. ಒಂದು ಉಪಗ್ರಹದ ಕಿರಣ ನೆಲದಲ್ಲಿ ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡುತ್ತದೆ, ಅದರೊಳಗಿನ ಎಲ್ಲರೂ ಇರುವಷ್ಟನ್ನು ಹಂಚಿಕೊಳ್ಳಬೇಕು.

ಬೆಳೆಗಾರರು ಕಂಪನಿಯವರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ, ಆ ಟವರಿನಲ್ಲಿ ಯಾವ ತರಂಗಾಂತರ ಕೂರಿಸುತ್ತೀರಿ ಎನ್ನುವುದು. 700 ಮೆಗಾಹರ್ಟ್ಸಿನ ಅಲೆ ಸುಮಾರು 43 ಸೆಂ.ಮೀ. ಉದ್ದವಿರುತ್ತದೆ, ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗುತ್ತದೆ, ಎಲೆಗಳ ನಡುವೆ ನುಸುಳುತ್ತದೆ. ಪಟ್ಟಣಗಳ 5ಜಿಗೆ ಹೆಚ್ಚಾಗಿ ಬಳಸುವ 3,500ರ ಆಸುಪಾಸಿನದು ಒಂಬತ್ತು ಸೆಂ.ಮೀ. ಒಳಗೆ, 26 ಗಿಗಾಹರ್ಟ್ಸಿನದು ಒಂದು ಸೆಂ.ಮೀ. ಚಿಲ್ಲರೆ. ಅವಕ್ಕೆ ವೇಗವಿದೆ, ಕಣಿವೆ ಇಳಿಯುವ ಶಕ್ತಿ ಇಲ್ಲ. ಬೇಸರದ ಸಂಗತಿ ಏನೆಂದರೆ ಬೆಟ್ಟದ ಊರುಗಳಿಗೆ ಹೇಳಿಮಾಡಿಸಿದಂತಿದ್ದ ಈ 700ರ ಪಟ್ಟಿಯನ್ನು 2016ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, 2021ರಲ್ಲೂ ಕೊಳ್ಳಲಿಲ್ಲ, ಬೆಲೆ ಅಷ್ಟು ಏರಿಸಿ ಇಡಲಾಗಿತ್ತು. 2022ರಲ್ಲಿ ಒಂದೇ ಒಂದು ಕಂಪನಿ ಕೊಂಡಿತು.

ಬಾಣೆ ಮನೆ

ಟವರಿನ ವಿಕಿರಣದ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ಜೇನು ಹುಳುಗಳು ಕಡಿಮೆಯಾದದ್ದು ಅದರಿಂದಲೇ ಎನ್ನುತ್ತಾರೆ.

ಇಲೆಕ್ಟ್ರಾನಿಕ್ಸ್ ಉಪನ್ಯಾಸಕಿ, ಗೋಣಿಕೊಪ್ಪಲು

ನಮ್ಮ ದೇಶದ ವಿಕಿರಣ ಮಿತಿ 2012ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತರಲ್ಲಿ ಒಂದು ಪಾಲು. ಅನುಮಾನವಿದ್ದರೆ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ಟವರಿನ ಮಾಹಿತಿ ನೋಡಬಹುದು, ಅಳತೆ ಮಾಡಿಕೊಡಿ ಎಂದು ಶುಲ್ಕ ಕಟ್ಟಿ ಕೇಳಲೂಬಹುದು. ಜೇನಿನ ಮಾತಿಗೆ ಬಂದರೆ, ತೋಟಕ್ಕೆ ನಾವು ಹೊಡೆಯುವ ಔಷಧಿಯ ಲೆಕ್ಕವನ್ನು ಮೊದಲು ತೆಗೆಯೋಣ.

ಕೇಬಲ್ ಜೋಡಿಸುವವ, ಕುಶಾಲನಗರ

ನಾನು ಒ.ಎಫ್.ಸಿ. (ಗಾಜಿನ ಎಳೆಯ) ಕೇಬಲ್ ತುಂಡಾದಲ್ಲಿಗೆ ಹೋಗಿ ಜೋಡಿಸುವ ಕೆಲಸ ಮಾಡುತ್ತೇನೆ. ಹಿರಿಯರು ಬ್ಯಾಟರಿಯ ಬಗ್ಗೆ ಹೇಳಿದ್ದು ಸರಿಯಾಗಿದೆ, ಆದರೆ ಟವರಿನಲ್ಲಿ ಕರೆಂಟಿದ್ದೂ ಮಾತು ಹೋಗದ ದಿನಗಳು ಕೊಡಗಿನಲ್ಲಿ ಬೇಕಾದಷ್ಟಿವೆ. ಟವರಿನಿಂದ ಮುಂದಕ್ಕೆ ಹೋಗುವ ದಾರಿ ಕಡಿದುಹೋಗಿರುತ್ತದೆ. ಫೋನಿನಲ್ಲಿ ಕಡ್ಡಿ ಪೂರ್ತಿ ತೋರಿಸುತ್ತದೆ, ಕರೆ ಮಾತ್ರ ಸೇರುವುದಿಲ್ಲ. ಜನ ಆಗ ಫೋನನ್ನು ಬೈಯುತ್ತಾರೆ.

ಹೋದ ಮಳೆಗಾಲದ ಒಂದು ರಾತ್ರಿಯ ಕೆಲಸ ಹೇಳುತ್ತೇನೆ. ರಸ್ತೆ ಬದಿಯ ಚರಂಡಿ ತೆಗೆಯುವ ಜೆಸಿಬಿ 24 ಎಳೆಯ ಕೇಬಲನ್ನು ಎತ್ತಿ ಹರಿದಿತ್ತು. ಎಷ್ಟು ದೂರದಲ್ಲಿ ತುಂಡಾಗಿದೆ ಎಂದು ಅಳೆಯುವ ಓಟಿಡಿಆರ್ ಯಂತ್ರ 14.3 ಕಿ.ಮೀ. ಎಂದು ತೋರಿಸಿತು. ಆದರೆ ಅದು ಕೇಬಲಿನ ಉದ್ದ, ರಸ್ತೆಯ ಉದ್ದವಲ್ಲ. ಅಲ್ಲಲ್ಲಿ ಕಂಬದ ಮೇಲೆ, ಗುಂಡಿಯೊಳಗೆ ಸುರುಳಿ ಬಿಟ್ಟಿರುತ್ತಾರೆ. ಆ ಸುರುಳಿಗಳನ್ನೆಲ್ಲ ಕಳೆದು ಲೆಕ್ಕ ಹಾಕಿ, ಟಾರ್ಚ್ ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತಾ ನಡೆದು ತುಂಡಾದ ಜಾಗ ಹುಡುಕಿದೆವು. ಜೋಡಿಸುವ ಯಂತ್ರಕ್ಕೆ ಗಾಳಿ ಮತ್ತು ತೇವ ಆಗದು. ಓಮ್ನಿಯ ಹಿಂದಿನ ಸೀಟು ತೆಗೆದು, ಬಾಗಿಲು ಮುಚ್ಚಿ, ಒಳಗೆ ಕೂತು ಕೇಬಲಿನ ಎರಡೂ ತುದಿಗಳನ್ನು ಕಿಟಕಿಯ ಸಂದಿನಿಂದ ಎಳೆದುಕೊಂಡೆವು. ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಬಣ್ಣದ ಕ್ರಮದಲ್ಲೇ ಒಂದೊಂದು ಎಳೆಯ ಸಿಪ್ಪೆ ಸುಲಿದು, ಸ್ಪಿರಿಟ್ ಹಚ್ಚಿ ಒರೆಸಿ, ತುದಿ ನೆಟ್ಟಗೆ ಕತ್ತರಿಸಿ ಯಂತ್ರದಲ್ಲಿ ಇಡಬೇಕು. ಎಳೆಯ ಅಡ್ಡಳತೆ 125 ಮೈಕ್ರಾನ್, ಬೆಳಕು ಹೋಗುವ ಒಳತಿರುಳು ಬರೀ 9. ಪರದೆಯಲ್ಲಿ ಎರಡು ತುದಿಗಳು ಎದುರುಬದುರಾಗಿ ಹತ್ತಿರ ಬಂದು, ಚಿಟ್ ಎಂದು ಕಿಡಿ ಹಾರಿ ಒಂದಾಗುತ್ತವೆ. ನಷ್ಟ 0.02 ಡೆಸಿಬೆಲ್ ಎಂದು ಬಂದರೆ ಸಮಾಧಾನ. ಹೀಗೆ 24 ಸಲ. ಮುಗಿಸುವಾಗ ಬೆಳಗಿನ ಐದು ಗಂಟೆ. ಅಂದು ಆ ದಾರಿಯನ್ನು ನಂಬಿದ್ದ ಟವರುಗಳೆಲ್ಲ ರಾತ್ರಿಯಿಡೀ ಬ್ಯಾಟರಿ ಸುಡುತ್ತಾ ಯಾರಿಗೂ ಉಪಯೋಗವಿಲ್ಲದೆ ನಿಂತಿದ್ದವು.

ಇದಕ್ಕೆ ಪರಿಹಾರ ಹೊಸದೇನಲ್ಲ, ರಿಂಗ್ ಎನ್ನುತ್ತಾರೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸುತ್ತಿ ಬರುವ ದಾರಿ. ಕಾಗದದ ಮೇಲೆ ರಿಂಗ್ ಎಂದು ಬರೆದು ಎರಡೂ ಕೇಬಲುಗಳನ್ನು ಒಂದೇ ರಸ್ತೆಯ ಎಡಬಲಕ್ಕೆ ಹೂತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಜೋಡುಪಾಲದ ಹತ್ತಿರ ಗುಡ್ಡದ ಜೊತೆಗೇ ಜಾರಿಹೋಯಿತಲ್ಲ, ಅಂಥ ಕಡೆ ಎಡವೇನು, ಬಲವೇನು? ಕೊಡಗಿಗೆ ಹುಣಸೂರು–ಗೋಣಿಕೊಪ್ಪ ಕಡೆಯಿಂದ ಒಂದು, ಕೊಡ್ಲಿಪೇಟೆ–ಸೋಮವಾರಪೇಟೆ ಕಡೆಯಿಂದ ಒಂದು, ಮಾಕುಟ್ಟದ ಘಾಟಿಯಿಂದ ಒಂದು, ಹೀಗೆ ಒಂದರ ಗುಡ್ಡ ಕುಸಿದರೆ ಇನ್ನೊಂದಕ್ಕೆ ತಾಗದ ದಾರಿಗಳು ಬೇಕು. ಗುಡ್ಡದಿಂದ ಗುಡ್ಡಕ್ಕೆ ಮೈಕ್ರೋವೇವ್ ಕೊಂಡಿಯನ್ನು ಬದಲಿಯಾಗಿ ಇಟ್ಟುಕೊಂಡರೂ ಆದೀತು. ವೇಗ ಕಡಿಮೆ, ಮಳೆ ಜೋರಾದರೆ ಇನ್ನೂ ಕಡಿಮೆ, ಆದರೆ ಮಾತಿಗೆ ಸಾಕು. ಬೆಳೆಗಾರ ಸರ್, ನಿಮ್ಮ ದಿಣ್ಣೆಯಿಂದ ಎದುರು ಗುಡ್ಡದ ಯಾವುದಾದರೂ ಟವರ್ ಬರಿಗಣ್ಣಿಗೆ ಕಾಣುತ್ತದೆಯೇ ನೋಡಿ. ಕಂಡರೆ ನಿಮ್ಮ ಜಾಗಕ್ಕೆ ಅವರು ಹೇಳಿದ್ದಕ್ಕಿಂತ ಹೆಚ್ಚು ಬೆಲೆಯಿದೆ.

ಬೆಂಗಳೂರಿನಲ್ಲಿರುವ ಕೊಡಗಿನವ

ನಾನು ಈ ಉದ್ಯಮದೊಳಗೇ ಇರುವವನು. ಕಂಪನಿ ಯಾವುದೆಂದು ಹೇಳಲಾರೆ. ನಿಮ್ಮೆಲ್ಲರ ಮಾತು ತಾಂತ್ರಿಕವಾಗಿ ಸರಿಯೇ ಇದೆ. ಆದರೆ ಎರಡನೇ ಕೇಬಲಿಗೆ, ದೊಡ್ಡ ಬ್ಯಾಟರಿಗೆ ಹಣ ಹಾಕುವವರು ಯಾರು ಎನ್ನುವಲ್ಲಿಗೆ ಚರ್ಚೆ ಬರಬೇಕು.

1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ನಡೆದಾಗ ಇದು ಸಿರಿವಂತರ ವಸ್ತುವಾಗಿತ್ತು. ಆಮೇಲೆ ಒಂದು ಕಾಲದಲ್ಲಿ ಹತ್ತು ಹನ್ನೆರಡು ಕಂಪನಿಗಳಿದ್ದವು. 2012ರಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದು ಮಾಡಿತು, 2016ರಲ್ಲಿ ಜಿಯೋ ಬಂದ ಮೇಲೆ ಡೇಟಾದ ದರ ನೆಲಕ್ಕಿಳಿಯಿತು, 2019ರಲ್ಲಿ ಸರ್ಕಾರಕ್ಕೆ ಪಾಲು ಕೊಡಬೇಕಾದ ಆದಾಯದಲ್ಲಿ ಏನೆಲ್ಲ ಸೇರುತ್ತದೆ ಎನ್ನುವ (ಎ.ಜಿ.ಆರ್.) ತೀರ್ಪು ಬಂದು ಹಳೆಯ ಬಾಕಿಯ ಹೊರೆ ಕಂಪನಿಗಳ ತಲೆಮೇಲೆ ಬಿತ್ತು. ಈಗ ಉಳಿದಿರುವುದು ಮೂರು ಖಾಸಗಿ ಕಂಪನಿಗಳು ಮತ್ತು ಬಿ.ಎಸ್.ಎನ್.ಎಲ್. ಅವುಗಳಲ್ಲೂ ಟವರು ಬೇರೆಯವರದು, ಹಲವೆಡೆ ಫೈಬರೂ ಬೇರೆಯವರದು. ನಿಮಗೆ ಸಿಮ್ ಮಾರುವ ಕಂಪನಿಯ ಕೈಯಲ್ಲಿ ಇರುವುದು ತರಂಗಾಂತರ ಮತ್ತು ಬಿಲ್ಲು. ಬಾಡಿಗೆ ಮನೆಯವನು ಮಾಡು ಸೋರಿದರೆ ಎಷ್ಟು ಖರ್ಚು ಮಾಡುತ್ತಾನೋ ಅಷ್ಟೇ.

2011ರ ಜನಗಣತಿಯಂತೆ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನ, ಕೊಡಗಿನಲ್ಲಿ 135. ಒಳನಾಡಿನ ಕಣಿವೆಗಳಲ್ಲಿ ಅದಕ್ಕಿಂತಲೂ ವಿರಳ. ಒಂದೇ ಕಣಿವೆಗೆ ನಾಲ್ಕು ಕಂಪನಿ ನಾಲ್ಕು ಟವರ್ ಹಾಕುವುದು ಯಾವ ಕಾಲಕ್ಕೂ ಆಗುವ ಮಾತಲ್ಲ. ಹಾಗಾಗಿ ನನ್ನ ದೃಷ್ಟಿಯಲ್ಲಿ ಮುಂದಿನ ಹತ್ತು ವರ್ಷದ ದೊಡ್ಡ ಬದಲಾವಣೆ ಹಂಚಿಕೆ. ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ನಿಂತ 4ಜಿ ಟವರುಗಳಲ್ಲಿ ಒಂದು ಕಂಪನಿಯ ಗ್ರಾಹಕ ಇನ್ನೊಂದರ ಸಂಕೇತವನ್ನು ಬಳಸುವ ವ್ಯವಸ್ಥೆ 2025ರ ಜನವರಿಯಲ್ಲಿ ಆರಂಭವಾಗಿದೆ. ಚಂಡಮಾರುತದ ಸಮಯದಲ್ಲಿ ಇದನ್ನು ಎಲ್ಲ ಟವರುಗಳಿಗೂ ತಾತ್ಕಾಲಿಕವಾಗಿ ತೆರೆಯುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ಮಲೆನಾಡಿಗೂ ಅದನ್ನು ತೆರೆದಿಡಿ ಎಂದು ಕೇಳುವುದರಲ್ಲಿ ಅರ್ಥವಿದೆ. 6ಜಿ ಬಗ್ಗೆ ಕೇಳುವವರಿಗೆ ಒಂದು ಮಾತು: ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2023ರಲ್ಲಿ ಅದರ ಚೌಕಟ್ಟು ಒಪ್ಪಿಕೊಂಡಿದೆ, ಹೆಸರಿನಲ್ಲೇ 2030 ಎಂದಿದೆ. ಎಲ್ಲೆಡೆ ಸಂಪರ್ಕ ತಲುಪಿಸುವುದು ಅದರ ಆರು ಬಳಕೆಗಳಲ್ಲಿ ಒಂದು. ಅದು ಕಕ್ಕಬ್ಬೆಯಂಥ ನಮ್ಮ ಹಳ್ಳಿಗೆ ಮೊದಲು ಬರುತ್ತದೆ ಎಂದು ಮಾತ್ರ ಯಾರೂ ಬರೆದಿಲ್ಲ.

ಲೈನ್ ಮನೆಯಿಂದ, ಸಿದ್ದಾಪುರ

ನನ್ನ ಅಪ್ಪ ಅಮ್ಮ ತೋಟದ ಕೆಲಸದವರು, ನಾನು ಪದವಿ ಓದುತ್ತಿದ್ದೇನೆ. ಇಲ್ಲಿ ಮಾತನಾಡುತ್ತಿರುವವರೆಲ್ಲ ಟವರು ಇಲ್ಲದ ಕಷ್ಟ ಹೇಳಿದಿರಿ. ನಮ್ಮ ಲೈನಿನಲ್ಲಿ (ಕೆಲಸದವರ ಸಾಲುಮನೆಗಳಲ್ಲಿ) ರೇಂಜ್ ಚೆನ್ನಾಗಿಯೇ ಇದೆ, ರೀಚಾರ್ಜ್ ಇರುವುದಿಲ್ಲ. 2024ರ ಜುಲೈಯಲ್ಲಿ ದರ ಏರಿದ ಮೇಲೆ ಅಮ್ಮನ ಫೋನಿಗೆ ಒಂದು ತಿಂಗಳು ಹಾಕಿದರೆ ಮುಂದಿನ ತಿಂಗಳು ಬಿಡುತ್ತೇವೆ. ಅಮ್ಮನಿಗೆ ಬೇಕಾದದ್ದು ಮೂರೇ: ಸಂಬಳ ಬಂತೆನ್ನುವ ಮೆಸೇಜು, ಊರಿನಲ್ಲಿರುವ ಅಜ್ಜಿಯ ಫೋನು, ಆನೆ ಬಂದಿದೆ ಎನ್ನುವ ಸುದ್ದಿ. ಮೂರನೆಯದು ಬರುವುದು ತೋಟದ ವಾಟ್ಸ್‌ಆ್ಯಪ್ ಗುಂಪಿಗೆ. ಡೇಟಾ ಇಲ್ಲದಿದ್ದರೆ ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆಯೇ ತಿಳಿಯುವುದು. ಡೇಟಾ ಬೇಡದವರಿಗೆ ಬರೀ ಕರೆ ಮತ್ತು ಸಂದೇಶದ ಪ್ಯಾಕ್ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು ಎಂದು ಓದಿದೆ. ಅಂಗಡಿಯಲ್ಲಿ ಕೇಳಿದರೆ ಯಾರೂ ಅದನ್ನು ತಾವಾಗಿ ತೋರಿಸುವುದಿಲ್ಲ. ಜೀವ ಉಳಿಸುವ ಸುದ್ದಿ ರೀಚಾರ್ಜ್ ಮಾಡಿಸಿದವರಿಗೆ ಮಾತ್ರ ಸಿಗುವ ಜಾಲ ಎಷ್ಟು ಜಿ ಆದರೆ ನಮಗೇನು?

ಇಲೆಕ್ಟ್ರಾನಿಕ್ಸ್ ಉಪನ್ಯಾಸಕಿ, ಗೋಣಿಕೊಪ್ಪಲು

ತಂಗಿ, ನಿನ್ನ ಪ್ರಶ್ನೆಗೆ ನಿಜವಾದ ಉತ್ತರ ಸೆಲ್ ಬ್ರಾಡ್‌ಕಾಸ್ಟ್. ಟವರಿನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಂದೇ ಸಲ ಎಚ್ಚರಿಕೆ ಹೋಗುತ್ತದೆ. ನಂಬರ್ ಬೇಕಿಲ್ಲ, ಡೇಟಾ ಬೇಕಿಲ್ಲ, ಜಾಲದಲ್ಲಿ ದಟ್ಟಣೆಯಿದ್ದರೂ ತಡೆಯಿಲ್ಲ. 2023ರಲ್ಲಿ ಎಲ್ಲರ ಫೋನೂ ಒಮ್ಮೆಗೇ ವಿಚಿತ್ರವಾಗಿ ಕೂಗಿಕೊಂಡ ದಿನ ನೆನಪಿರಬಹುದು, ಅದು ಇದರದೇ ಪರೀಕ್ಷೆ. ಇದನ್ನು ಗುಡ್ಡ ಕುಸಿತಕ್ಕೆ ಮಾತ್ರವಲ್ಲದೆ ಒಂದೆರಡು ಟವರಿನಷ್ಟು ಸಣ್ಣ ಪ್ರದೇಶಕ್ಕೆ ಆನೆಯ ಸುದ್ದಿ ಕೊಡಲೂ ಬಳಸಬಹುದು. ತಂತ್ರಜ್ಞಾನ ಅಡ್ಡ ಬರುವುದಿಲ್ಲ, ಅಧಿಕಾರಿಗಳು ಮನಸ್ಸು ಮಾಡಬೇಕು.

ಇನ್ನೊಂದು ದಾರಿಯೂ ಇದೆ. 865 ಮೆಗಾಹರ್ಟ್ಸಿನ ಸುತ್ತ ಪರವಾನಗಿ ಬೇಡದ ಪಟ್ಟಿಯೊಂದಿದೆ. ಅದರಲ್ಲಿ ಕೆಲವೇ ಅಕ್ಷರದ ಸಂದೇಶವನ್ನು ಕಿಲೋಮೀಟರುಗಟ್ಟಲೆ ಕಳಿಸುವ ಸಣ್ಣ ಲೋರಾ ಉಪಕರಣಗಳು ತಿಂಗಳಾನುಗಟ್ಟಲೆ ಚಿಕ್ಕ ಬ್ಯಾಟರಿಯಲ್ಲೇ ನಡೆಯುತ್ತವೆ. ಕೊಡಗಿನ ಪ್ರತಿ ತೋಟದಲ್ಲೂ ಮಳೆಯನ್ನು ಇಂಚಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯುವವರಿದ್ದಾರೆ. ಆ ಅಂಕಿ ರಾತ್ರಿಯೇ ಒಂದೆಡೆ ಸೇರಿದರೆ ಯಾವ ಗುಡ್ಡದ ಮೇಲೆ ಎಷ್ಟು ನೀರು ಕೂತಿದೆ ಎಂದು ಬೆಳಗಾಗುವ ಮೊದಲೇ ತಿಳಿಯುತ್ತದೆ. ನಮ್ಮ ವಿದ್ಯಾರ್ಥಿಗಳು ಎರಡು ಪೆಟ್ಟಿಗೆ ಮಾಡಿ ನೋಡಿದ್ದಾರೆ. ಒಂದನ್ನು ಕೋತಿ ಹೊತ್ತೊಯ್ದಿತು, ಇನ್ನೊಂದು ಕೆಲಸ ಮಾಡುತ್ತಿದೆ.

ವಕೀಲ, ಮಡಿಕೇರಿ

ಬೆಳೆಗಾರರಿಗೆ ಕಾನೂನಿನ ನಾಲ್ಕು ಮಾತು. ಬಂದ ಪ್ರತಿನಿಧಿ ಮುಂಗಡ, ಶುಲ್ಕ, ತೆರಿಗೆ ಎಂದು ಒಂದು ರೂಪಾಯಿ ಕೇಳಿದರೂ ಅಲ್ಲಿಗೇ ನಿಲ್ಲಿಸಿ. ಟವರಿಗೆ ಜಾಗ ಕೊಡುವವರಿಂದ ಟ್ರಾಯ್ ಆಗಲಿ ದೂರಸಂಪರ್ಕ ಇಲಾಖೆಯಾಗಲಿ ಹಣ ಪಡೆಯುವುದಿಲ್ಲ, ಆ ಹೆಸರಿನಲ್ಲಿ ಮೋಸಗಳು ಬಹಳ ನಡೆದಿವೆ. ಎರಡನೆಯದಾಗಿ, ಬಾಣೆ ಎಂದಿದ್ದೀರಿ. ಜಮ್ಮಾ ಬಾಣೆಯಾದರೆ, ಎಂದರೆ ವಂಶಪಾರಂಪರ್ಯವಾಗಿ ಬಂದ ಒಕ್ಕದ (ಕುಲಕುಟುಂಬದ) ಜಮೀನಾದರೆ, ಪಹಣಿಯಲ್ಲಿ ಯಾರಯಾರ ಹೆಸರಿದೆ ನೋಡಿ, ಒಕ್ಕದವರೆಲ್ಲರ ಒಪ್ಪಿಗೆ ಇಲ್ಲದೆ ಮಾಡಿದ ಕರಾರು ಮುಂದೆ ಕಾಡುತ್ತದೆ. ನನ್ನ ಕಣ್ಣಿಗೆ ಬಿದ್ದ ಕರಡುಗಳಲ್ಲಿ ಕಂಪನಿ ಯಾವಾಗ ಬೇಕಾದರೂ ಬಿಟ್ಟುಹೋಗಬಹುದು, ಜಾಗದವರು ಮಾತ್ರ 20 ವರ್ಷ ಕಟ್ಟುಬಿದ್ದಿರಬೇಕು ಎಂದಿತ್ತು. ನಿಮ್ಮ ಮಗನ ಭಯಕ್ಕೆ ಮದ್ದು ಅಲ್ಲಿದೆ: ಬಿಟ್ಟುಹೋದರೆ ಇಷ್ಟು ತಿಂಗಳೊಳಗೆ ಕಬ್ಬಿಣ, ಕಾಂಕ್ರೀಟು ಎಲ್ಲ ತೆಗೆದು ಜಾಗ ಮೊದಲಿನಂತೆ ಮಾಡಿಕೊಡಬೇಕು ಎಂದು ಬರೆಸಿ.

ಮೂರು ಗಂಟೆಗೆ ರೇಂಜ್ ಹೋಗುವ ವಿಚಾರದಲ್ಲಿ ಸರ್ಕಾರದ ನಿಯಮವನ್ನು ನಂಬಿ ಕೂರಬೇಡಿ. ಟ್ರಾಯ್ 2024ರಲ್ಲಿ ತಂದ ಗುಣಮಟ್ಟದ ನಿಯಮದ ಪ್ರಕಾರ 24 ಗಂಟೆ ಮೀರಿ ಸೇವೆ ನಿಂತರೆ ಗ್ರಾಹಕರಿಗೆ ಪರಿಹಾರ ಸಿಗಬೇಕು. ಆದರೆ ಲೆಕ್ಕ ಜಿಲ್ಲೆಯ ಮಟ್ಟದ್ದು. ಒಂದು ಕಣಿವೆ ವಾರಗಟ್ಟಲೆ ಮೌನವಾದರೂ ಮಡಿಕೇರಿಯಲ್ಲಿ ಫೋನು ಕೂಗುತ್ತಿದ್ದರೆ ಕಾಗದದಲ್ಲಿ ಏನೂ ಆಗಿಲ್ಲ. ಆದ್ದರಿಂದ ಬೇಕಾದದ್ದನ್ನು ನಿಮ್ಮ ಕರಾರಿನಲ್ಲೇ ಬರೆಸಿಕೊಳ್ಳಿ. ದಿಣ್ಣೆ ನಿಮ್ಮದು, ಬಂದು ಕೇಳಿದವರು ಅವರು.

ನಾಲ್ಕುನಾಡು ಬೆಳೆಗಾರ

ಎಲ್ಲರಿಗೂ ಕೃತಜ್ಞತೆ. ನಿನ್ನೆ ಮಂಜು ಸರಿದ ಮೇಲೆ ದಿಣ್ಣೆ ಹತ್ತಿ ನೋಡಿದೆ. ಎದುರು ಸಾಲಿನಲ್ಲಿ ಎರಡು ಟವರುಗಳು ಕಂಡವು, ಒಂದು ಸ್ಪಷ್ಟವಾಗಿ, ಇನ್ನೊಂದು ಮರಗಳ ಮೇಲೆ ತುದಿ ಮಾತ್ರ. ಇವತ್ತು ಪ್ರತಿನಿಧಿಯನ್ನು ಕರೆಸಿ ಮಾತನಾಡಿದೆ. ಬ್ಯಾಟರಿ ಎಷ್ಟು ಗಂಟೆ ಎಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದುವರೆಗೆ ಯಾವ ಜಾಗದವರೂ ಇದನ್ನು ಕೇಳಿಲ್ಲ, ಬಾಡಿಗೆಯನ್ನೇ ಕೇಳುತ್ತಾರೆ ಎಂದರು. ಕರೆಂಟಿಲ್ಲದೆ 24 ಗಂಟೆ, ಡೀಸೆಲ್ ಜನರೇಟರ್, ಜೊತೆಗೆ ಸೋಲಾರ್ ಇರಬೇಕು. ಒಂದಕ್ಕಿಂತ ಹೆಚ್ಚು ಕಂಪನಿಗೆ ಜಾಗವಿರಬೇಕು. ಎದುರು ಗುಡ್ಡಕ್ಕೆ ಮೈಕ್ರೋವೇವ್ ಕೊಂಡಿ ಇರಬೇಕು ಎಂದು ಬರೆದುಕೊಟ್ಟಿದ್ದೇನೆ. ಇಷ್ಟು ಒಪ್ಪಿದರೆ ಬಾಡಿಗೆಯಲ್ಲಿ ಒಂದಷ್ಟು ಬಿಡುತ್ತೇನೆ ಎಂದೂ ಹೇಳಿದೆ, ಅದು ಮಗನಿಗೆ ಇನ್ನೂ ಗೊತ್ತಿಲ್ಲ. ಡೀಸೆಲ್ ಹೊರುವವರು ಮಳೆಯಲ್ಲಿ ಹತ್ತುವುದು ಹೇಗೆ ಎಂದು ಅವರು ಕೇಳಿದರು. ಕಣದ ತನಕ ಜೀಪು ಬರುತ್ತದೆ, ಅಲ್ಲಿಂದ ಕ್ಯಾನು ನಮ್ಮವರೇ ಸಾಗಿಸಿಕೊಡುತ್ತಾರೆ ಎಂದೆ.

ಪಹಣಿ ತೆಗೆಸಿ ನೋಡಿದರೆ ಹನ್ನೊಂದು ಹೆಸರುಗಳಿವೆ. ಇಬ್ಬರು ತೀರಿಕೊಂಡಿದ್ದಾರೆ, ಒಬ್ಬರು ಮಸ್ಕತ್‌ನಲ್ಲಿದ್ದಾರೆ. ಪುತ್ತರಿ ಹಬ್ಬಕ್ಕೆ ಎಲ್ಲರೂ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಬರುತ್ತಾರೆ, ಅಲ್ಲಿ ಮಾತೆತ್ತುತ್ತೇನೆ. ಮಸ್ಕತ್‌ನವರಿಗೆ ಇವತ್ತೇ ಫೋನು ಮಾಡಲು ಕಣಕ್ಕೆ ಹೋಗಿದ್ದೆ, ಎರಡು ಸಲ ಕಡಿದುಹೋಯಿತು. ನಾಳೆ ಬೆಳಿಗ್ಗೆ ಮತ್ತೆ ನೋಡುತ್ತೇನೆ.